ಮೆದುಳನ್ನು ಓದಲು ಹೊರಟವರಿಗೆ: ಮಾನಸಗಂಗೋತ್ರಿಯಿಂದ ಶುರುವಾಗುವ ಒಂದು ದಾರಿ

ಪದವಿಯ ಕೊನೆಯ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಮೈಸೂರು, ಮಂಡ್ಯದ ಕಡೆಯ ಕೆಲವು ವಿದ್ಯಾರ್ಥಿಗಳು ಪ್ರತಿ ವರ್ಷವೂ ನನ್ನನ್ನು ಒಂದೇ ಮಾತು ಕೇಳುತ್ತಾರೆ: ‘ನ್ಯೂರೋಸೈನ್ಸ್ ಓದಬೇಕು ಸರ್, ಯಾವ ಸಂಸ್ಥೆ ಒಳ್ಳೆಯದು?’ ನನ್ನ ಉತ್ತರ ಅವರಿಗೆ ರುಚಿಸುವುದಿಲ್ಲ. ಸಂಸ್ಥೆಯ ಹೆಸರನ್ನು ಬದಿಗಿಟ್ಟು, ಮನಸ್ಸಿನ ಅಥವಾ ಮೆದುಳಿನ ಬಗ್ಗೆ ನಿಮ್ಮನ್ನು ನಿಜವಾಗಿ ಕಾಡುವ ಒಂದು ಪ್ರಶ್ನೆಯನ್ನು ನಾಲ್ಕು ಸಾಲಿನಲ್ಲಿ ಬರೆದು ತನ್ನಿ ಎನ್ನುತ್ತೇನೆ. ಅರ್ಧ ಮಂದಿ ಮತ್ತೆ ಬರುವುದಿಲ್ಲ. ಬರೆದು ತಂದವರಿಗೆ ಎಲ್ಲಿ ಓದಬೇಕೆಂಬುದು ಮುಕ್ಕಾಲು ಪಾಲು ತಾನಾಗಿಯೇ ತೀರ್ಮಾನವಾಗಿರುತ್ತದೆ. ಈ ಬರಹ ಅಂಥವರಿಗಾಗಿ.

ಮೊದಲು ಮನೆಯಲ್ಲಿ ಎದುರಾಗುವ ಗೊಂದಲವನ್ನು ಬಗೆಹರಿಸಿಕೊಳ್ಳಬೇಕು. ನರವಿಜ್ಞಾನ ಎಂದ ಕೂಡಲೇ ತಂದೆತಾಯಿಗಳು ಮಗ ನರರೋಗದ ಡಾಕ್ಟರಾಗುತ್ತಾನೆಂದು ಭಾವಿಸುತ್ತಾರೆ. ಆ ದಾರಿಗೆ ಎಂ.ಬಿ.ಬಿ.ಎಸ್. ಬೇಕು. ಆಪ್ತಸಮಾಲೋಚನೆ, ಮಾನಸಿಕ ರೋಗಗಳ ಚಿಕಿತ್ಸೆ ನಿಮ್ಮ ಆಸೆಯಾಗಿದ್ದರೆ ಭಾರತೀಯ ಪುನರ್ವಸತಿ ಪರಿಷತ್ತಿನ ಮಾನ್ಯತೆಯಿರುವ ಕ್ಲಿನಿಕಲ್ ಸೈಕಾಲಜಿಯ ಕೋರ್ಸನ್ನೇ ಹುಡುಕಬೇಕು. ಕಾಲೇಜುಗಳಲ್ಲಿ ಕಾಗ್ನಿಟಿವ್ ಸೈನ್ಸ್ ಎಂದೇ ಕರೆಯುವ ಅರಿವಿನ ವಿಜ್ಞಾನದ ಎಂ.ಎಸ್ಸಿ. ಪದವಿಯಿಂದ ರೋಗಿಯನ್ನು ನೋಡುವ ಅಧಿಕಾರ ಬರುವುದಿಲ್ಲ. ನರವಿಜ್ಞಾನವು ನರಕೋಶ, ಅವುಗಳ ಜಾಲ, ಅಲ್ಲಿ ಓಡುವ ವಿದ್ಯುತ್ತು ಮತ್ತು ರಾಸಾಯನಿಕಗಳಿಂದ ಹೊರಟು ವರ್ತನೆಯ ಕಡೆಗೆ ಬರುತ್ತದೆ. ಅರಿವಿನ ವಿಜ್ಞಾನವು ನೆನಪು, ಗಮನ, ಭಾಷೆ, ತೀರ್ಮಾನ ಎಂಬ ಮನಸ್ಸಿನ ಕೆಲಸಗಳಿಂದ ಹೊರಡುತ್ತದೆ, ಮನೋವಿಜ್ಞಾನ, ಭಾಷಾವಿಜ್ಞಾನ, ಕಂಪ್ಯೂಟರ್ ವಿಜ್ಞಾನ, ತತ್ತ್ವಶಾಸ್ತ್ರ ಎಲ್ಲದರಿಂದಲೂ ಸಾಲ ತರುತ್ತದೆ. ಎರಡೂ ನಡುದಾರಿಯಲ್ಲಿ ಸಂಧಿಸುತ್ತವೆ. ಆದರೆ ಒಂದರ ಪ್ರಯೋಗಾಲಯದಲ್ಲಿ ಇಲಿಯ ಮೆದುಳಿನ ತೆಳು ಹೋಳುಗಳಿರಬಹುದು, ಇನ್ನೊಂದರಲ್ಲಿ ಕಂಪ್ಯೂಟರ್ ಮುಂದೆ ಗುಂಡಿ ಒತ್ತುತ್ತ ಕುಳಿತ ಕಾಲೇಜು ಹುಡುಗರಿರಬಹುದು. ಐದಾರು ವರ್ಷ ಯಾವುದರ ನಡುವೆ ಕಳೆಯಬಲ್ಲಿರಿ ಎಂಬುದನ್ನು ಪ್ರಾಮಾಣಿಕವಾಗಿ ಕೇಳಿಕೊಳ್ಳಿ.

ಪ್ರಶ್ನೆಯನ್ನು ಎಲ್ಲಿಂದ ತರುವುದು?

ದೂರ ಹೋಗಬೇಕಾಗಿಲ್ಲ. ‘ಧರ್ಮ’ ಎಂದು ಬರೆದು ನೋಡಿ. ನಾಲಿಗೆ ‘ರ್’ ಎಂಬುದನ್ನು ‘ಮ’ಕ್ಕಿಂತ ಮೊದಲು ಉಚ್ಚರಿಸುತ್ತದೆ, ಆದರೆ ಕಣ್ಣಿಗೆ ಅರ್ಕಾವತ್ತು ಸಿಗುವುದು ‘ಮ’ ದಾಟಿದ ಮೇಲೆ. ಹಾಗಾದರೆ ಕನ್ನಡ ಓದುವವನ ಮೆದುಳು ಅಕ್ಷರವನ್ನು ಇಡಿಯಾಗಿ ಗ್ರಹಿಸುತ್ತದೆಯೋ, ಬಿಡಿಸಿ ಮರುಜೋಡಿಸುತ್ತದೆಯೋ? ಒತ್ತಕ್ಷರ ಕೆಳಗೆ ಇಳಿಯುವಾಗ ಕಣ್ಣಿನ ಓಟ ನಿಧಾನವಾಗುತ್ತದೆಯೇ? ಇಂಗ್ಲಿಷಿನ 26 ಅಕ್ಷರಗಳನ್ನು ಕಲಿಯುವ ಮಗುವಿಗೂ, ಕಾಗುಣಿತ ಮತ್ತು ಒತ್ತುಗಳಿಂದಾಗಿ ನೂರಾರು ರೂಪಗಳನ್ನು ಕಲಿಯಬೇಕಾದ ಕನ್ನಡದ ಮಗುವಿಗೂ ಓದು ಹಿಡಿತಕ್ಕೆ ಬರುವ ಕಾಲ ಒಂದೇ ಆಗಿರಲು ಸಾಧ್ಯವಿಲ್ಲ. ಕನ್ನಡದ ಮಕ್ಕಳ ಓದಿನ ಬಗ್ಗೆ ಸೋನಾಲಿ ನಾಗ್ ಅವರು ಮಾಡಿರುವ ಅಧ್ಯಯನಗಳು ಇದನ್ನೇ ಎತ್ತಿಕೊಂಡಿವೆ. ಪಾರ್ಶ್ವವಾಯುವಿನ ನಂತರ ಓದುವ ಶಕ್ತಿ ಕಳೆದುಕೊಂಡ ಕನ್ನಡಿಗರ ಬಗ್ಗೆ ಪ್ರತಿಭಾ ಕಾರಂತರು ಕೆಲಸ ಮಾಡಿದ್ದಾರೆ. ಇವೆಲ್ಲ ಅಂತರರಾಷ್ಟ್ರೀಯ ಮಟ್ಟದ ಪ್ರಶ್ನೆಗಳು. ಓದಿನ ಬಗೆಗಿನ ಸಂಶೋಧನೆಯ ಬಹುಭಾಗ ಇಂಗ್ಲಿಷ್ ಲಿಪಿಯನ್ನು ಆಧರಿಸಿ ನಡೆದಿರುವುದರಿಂದ ಕನ್ನಡ ಬಲ್ಲವನ ಕೈಯಲ್ಲಿ ಹೊರಗಿನವರಿಗೆ ಸುಲಭವಾಗಿ ಸಿಗದ ಸಾಮಗ್ರಿಯಿದೆ. ಎರಡು ಭಾಷೆಗಳನ್ನು ಒಂದೇ ವಾಕ್ಯದಲ್ಲಿ ಬೆರೆಸಿ ಮಾತಾಡುವ ನಮ್ಮ ಅಭ್ಯಾಸವನ್ನು ಶಾಲೆಯಲ್ಲಿ ದೋಷವೆಂದು ತಿದ್ದುತ್ತಾರೆ, ಆದರೆ ಈ ಶಾಸ್ತ್ರಕ್ಕೆ ಅದು ಗಣಿ.

ಪ್ರಶ್ನೆ ಸಿಕ್ಕಿತೆಂದರೆ ಅದಕ್ಕೆ ತಕ್ಕ ಉಪಕರಣವನ್ನು ತಿಳಿಯಬೇಕು. ‘ಮುದ್ದೆಯನ್ನು ಸಾರಿನಲ್ಲಿ ಅದ್ದಿ ಓದಿದನು’ ಎಂಬ ವಾಕ್ಯದ ಕೊನೆಯ ಪದಕ್ಕೆ ಮೆದುಳು ಯಾವಾಗ ಬೆಚ್ಚುತ್ತದೆ ಎಂದು ತಿಳಿಯಬೇಕಾದರೆ ತಲೆಯ ಮೇಲಿಂದಲೇ ಮೆದುಳಿನ ವಿದ್ಯುತ್ತಿನ ಏರಿಳಿತವನ್ನು ಅಳೆದು ಮಿಲಿಸೆಕೆಂಡುಗಳ ಲೆಕ್ಕ ಹಿಡಿಯುವ ಇಇಜಿ ಬೇಕು. ಅರ್ಥಕ್ಕೆ ಹೊಂದದ ಪದ ಬಂದಾಗ ಸುಮಾರು 400 ಮಿಲಿಸೆಕೆಂಡಿನ ಹೊತ್ತಿಗೆ ಕಾಣುವ ಎನ್400 ಎಂಬ ಅಲೆಯನ್ನು ಮಾರ್ಟಾ ಕುಟಾಸ್ ಮತ್ತು ಸ್ಟೀವನ್ ಹಿಲ್‌ಯಾರ್ಡ್ 1980ರಲ್ಲಿ ವರದಿ ಮಾಡಿದರು. ಕ್ರಿಯಾಪದ ಕೊನೆಗೆ ಬರುವ ನಮ್ಮ ಭಾಷೆಯಲ್ಲಿ ಅಲ್ಲಿಯವರೆಗೆ ಮನಸ್ಸು ಏನನ್ನು ಊಹಿಸುತ್ತಿರುತ್ತದೆ ಎಂಬುದು ಪ್ರತ್ಯೇಕ ಕುತೂಹಲ. ಮೆದುಳಿನ ಯಾವ ಭಾಗ ಕೆಲಸ ಮಾಡಿತು ಎಂಬುದು ನಿಮ್ಮ ಪ್ರಶ್ನೆಯಾದರೆ ಕೆಲಸದಲ್ಲಿರುವ ಮೆದುಳಿನ ಚಿತ್ರ ತೆಗೆಯುವ ಎಫ್‌ಎಂಆರ್‌ಐ ಹೆಚ್ಚು ಸೂಕ್ತ. ಆದರೆ ಅದು ಅಳೆಯುವುದು ನರಕೋಶದ ಮಿಡಿತವನ್ನಲ್ಲ, ಅದರ ಹಿಂದೆ ಹಲವು ಸೆಕೆಂಡು ತಡವಾಗಿ ಬರುವ ರಕ್ತದ ಆಮ್ಲಜನಕದ ಏರಿಳಿತವನ್ನು. ಯಂತ್ರ ದೊಡ್ಡದೆಂಬ ಕಾರಣಕ್ಕೆ ಅದನ್ನೇ ಬಯಸುವ ವಿದ್ಯಾರ್ಥಿಗಳನ್ನು ನಾನು ಬೇಕಾದಷ್ಟು ಕಂಡಿದ್ದೇನೆ.

ಊರಿನಲ್ಲೇ ಏನಿದೆ

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಮನೋವಿಜ್ಞಾನ ವಿಭಾಗ ಆರಂಭವಾದದ್ದು 1924ರಲ್ಲಿ, ಎಂ. ವಿ. ಗೋಪಾಲಸ್ವಾಮಿ ಅವರಿಂದ; ಜರ್ಮನಿಯಲ್ಲಿ ಹಾನ್ಸ್ ಬರ್ಗರ್ ಮನುಷ್ಯನ ಇಇಜಿಯನ್ನು ಮೊದಲ ಬಾರಿಗೆ ದಾಖಲಿಸಿದ್ದೂ ಅದೇ ವರ್ಷ. 1935ರಲ್ಲಿ ತಮ್ಮ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೊ ಕೇಂದ್ರ ತೆರೆದ ಗೋಪಾಲಸ್ವಾಮಿ ಇವರೇ. ವಿಶ್ವವಿದ್ಯಾನಿಲಯದ ವಿಭಾಗವಲ್ಲದೆ, ಅದರ ಆವರಣವಾದ ಮಾನಸಗಂಗೋತ್ರಿಯ ಆಸುಪಾಸಿನಲ್ಲೇ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ, 1969ರಲ್ಲಿ ಆರಂಭವಾದ ಭಾರತೀಯ ಭಾಷಾ ಸಂಸ್ಥಾನವೂ ಇವೆ. ಮಾತು, ಶ್ರವಣ, ಭಾಷೆಯ ದೋಷಗಳ ಬಗ್ಗೆ ಆಸಕ್ತಿಯಿರುವವರು ವಾಕ್ ಶ್ರವಣ ಸಂಸ್ಥೆಯ ಪ್ರಬಂಧಗಳನ್ನು ಓದದೆ ಬೇರೆ ರಾಜ್ಯದ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕುವುದನ್ನು ನೋಡಿದರೆ ಬೇಸರವಾಗುತ್ತದೆ. ಮಂಡ್ಯದಿಂದ ದಿನವೂ ರೈಲಿನಲ್ಲಿ ಬರುವ ವಿದ್ಯಾರ್ಥಿಯೂ ವಾರಕ್ಕೊಮ್ಮೆ ಇಲ್ಲಿನ ಒಂದು ಉಪನ್ಯಾಸಕ್ಕೆ ಹೋಗಿ ಕುಳಿತರೆ ವರ್ಷಾಂತ್ಯಕ್ಕೆ ಈ ಶಾಸ್ತ್ರದ ಮಾತು ಕಿವಿಗೆ ಹತ್ತಿರುತ್ತದೆ.

ಮುಂದಿನ ಮೆಟ್ಟಿಲು ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರ 2009ರಲ್ಲಿ ಆರಂಭವಾಯಿತು. ಅದೇ ಆವರಣದ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳ ಹಿರಿಯರ ಮೆದುಳಿನ ಆರೋಗ್ಯವನ್ನು ದೀರ್ಘಕಾಲ ಹಿಂಬಾಲಿಸುವ ಅಧ್ಯಯನ ನಡೆಸುತ್ತಿದೆ. ಕೃಷಿ ವಿಶ್ವವಿದ್ಯಾನಿಲಯದ ಜಿ.ಕೆ.ವಿ.ಕೆ. ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ (ಎನ್‌ಸಿಬಿಎಸ್) ಜೀವಶಾಸ್ತ್ರದ ಕಡೆಯಿಂದ ಬರುವವರಿಗೆ, ನಿಮ್ಹಾನ್ಸ್‌ನಲ್ಲಿ ರೋಗಕ್ಕೆ ಹತ್ತಿರವಾದ ಪ್ರಶ್ನೆ ಇರುವವರಿಗೆ ಅವಕಾಶವಿದೆ. ಹೊರಗೆ ಹೋಗುವುದಾದರೆ ಅಲಹಾಬಾದ್ ವಿಶ್ವವಿದ್ಯಾನಿಲಯ, ಗಾಂಧಿನಗರ, ದೆಹಲಿ ಮತ್ತು ಕಾನ್ಪುರದ ಐಐಟಿಗಳು, ಹೈದರಾಬಾದಿನ ಐಐಐಟಿ, ಹರಿಯಾಣದ ಮಾನೇಸರ್‌ನಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರ ಇವೆ. ಗಾಂಧಿನಗರ ಐಐಟಿಯ ಅರಿವಿನ ವಿಜ್ಞಾನದ ಎಂ.ಎಸ್ಸಿ.ಗೆ ಪದವಿಯ ವಿಷಯ ಯಾವುದಾದರೂ ಅರ್ಜಿ ಹಾಕಬಹುದು. ಕಲಾ ವಿಭಾಗದಲ್ಲಿ ಓದಿದವರು ಇದನ್ನು ಗಮನಿಸಬೇಕು.

ಪ್ರವೇಶ ಪರೀಕ್ಷೆಗಳ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ, ನಿಯಮಗಳು ವರ್ಷವರ್ಷವೂ ಬದಲಾಗುವುದರಿಂದ ಆ ವರ್ಷದ ಅಧಿಸೂಚನೆಯೇ ಪ್ರಮಾಣ. ಗೇಟ್ ಪರೀಕ್ಷೆಯಲ್ಲಿ 2021ರಿಂದ ಮನೋವಿಜ್ಞಾನ ಮತ್ತು ಭಾಷಾವಿಜ್ಞಾನಕ್ಕೂ ಪತ್ರಿಕೆಗಳಿವೆ; ಅದರ ಅಂಕ ಮೂರು ವರ್ಷ ಊರ್ಜಿತ. ಎನ್‌ಸಿಬಿಎಸ್‌ಗೆ ಜೆಜಿಇಇಬಿಐಎಲ್‌ಎಸ್ ಎಂಬ ಉದ್ದ ಹೆಸರಿನ ಪರೀಕ್ಷೆಯಿದೆ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧಕರ ಫೆಲೋಶಿಪ್) ದೊರೆತರೆ ಪಿಎಚ್‌.ಡಿ.ಯ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000 ರೂಪಾಯಿ ಶಿಷ್ಯವೇತನ, ಮನೆಬಾಡಿಗೆ ಭತ್ಯೆ ಬೇರೆ. 2023ರ ಜನವರಿಯಿಂದ ಜಾರಿಯಾದ ದರವಿದು. ‘ಇನ್ನೂ ಓದುತ್ತಾ ಕೂತರೆ ಸಂಸಾರ ಹೇಗೆ’ ಎಂದು ಕೇಳುವ ತಂದೆಗೆ ಈ ಅಂಕಿಯನ್ನು ಹೇಳಿ. ಜೊತೆಗೆ, ಪಿಎಚ್‌.ಡಿ. ಮುಗಿಸಿದವರಿಗೆಲ್ಲ ಅಧ್ಯಾಪಕರ ಹುದ್ದೆ ಸಿಗುವುದಿಲ್ಲ, ಹಲವರು ದತ್ತಾಂಶ ವಿಶ್ಲೇಷಣೆಯ ಅಥವಾ ಬಳಕೆದಾರರ ವರ್ತನೆ ಅಧ್ಯಯನ ಮಾಡುವ ಕಂಪನಿಗಳಿಗೆ ಹೋಗುತ್ತಾರೆ ಎಂಬುದನ್ನೂ ಮುಚ್ಚಿಡದೆ ಹೇಳಿ.

ಅರ್ಜಿಗಿಂತ ಮುಂಚೆ ಒಂದು ಪ್ರಯೋಗ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಸಿದ್ಧತೆ ಇದು. ಸೈಕೋಪೈ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡು ಜಾನ್ ರಿಡ್ಲಿ ಸ್ಟ್ರೂಪ್ 1935ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಕನ್ನಡದಲ್ಲಿ ಕಟ್ಟಿ. ‘ಕೆಂಪು’ ಎಂಬ ಪದವನ್ನು ಹಸಿರು ಬಣ್ಣದಲ್ಲಿ ಬರೆದು, ಪದವನ್ನು ಓದದೆ ಬಣ್ಣಕ್ಕೆ ತಕ್ಕ ಗುಂಡಿ ಒತ್ತಬೇಕೆಂದರೆ ಎಲ್ಲರೂ ತಡವರಿಸುತ್ತಾರೆ, ಏಕೆಂದರೆ ಓದು ಬಲ್ಲವನು ಓದದೆ ಇರಲಾರ. ಈಗ ಅದನ್ನೇ ಇಂಗ್ಲಿಷಿನಲ್ಲೂ ಮಾಡಿ. ಒಂದನೇ ತರಗತಿಯಿಂದ ಕನ್ನಡ ಮಾಧ್ಯಮದಲ್ಲಿ ಓದಿದ ಗೆಳೆಯರಿಗೂ ಇಂಗ್ಲಿಷ್ ಮಾಧ್ಯಮದವರಿಗೂ ಯಾವ ಭಾಷೆಯ ಪದ ಹೆಚ್ಚು ಅಡ್ಡಿ ಮಾಡುತ್ತದೆ?

ಕೇಳಲು ಸುಲಭ, ಮಾಡಹೊರಟಾಗ ತೊಡಕುಗಳು ಒಂದೊಂದಾಗಿ ಮೇಲೇಳುತ್ತವೆ. ಎಲ್ಲರಿಗೂ ಕನ್ನಡವನ್ನೇ ಮೊದಲು ಕೊಟ್ಟರೆ ಇಂಗ್ಲಿಷಿನ ಹೊತ್ತಿಗೆ ಕೈ ಪಳಗಿರುತ್ತದೆ, ಆದ್ದರಿಂದ ಅರ್ಧ ಮಂದಿಗೆ ಕ್ರಮವನ್ನು ತಿರುಗಿಸಬೇಕು. ಬಣ್ಣಗುರುಡು ಇರುವವರನ್ನು ಮೊದಲೇ ಕೇಳಿ ತಿಳಿಯಬೇಕು. ತಪ್ಪು ಒತ್ತಿದ ಪ್ರಯತ್ನಗಳನ್ನು, ಫೋನು ಬಂದು ಮೂರು ಸೆಕೆಂಡು ತಡವಾದ ಪ್ರಯತ್ನಗಳನ್ನು ಏನು ಮಾಡಬೇಕೆಂಬ ನಿಯಮವನ್ನು ಫಲಿತಾಂಶ ನೋಡುವ ಮುಂಚೆಯೇ ಬರೆದಿಡಬೇಕು. ಭಾಗವಹಿಸುವವರ ಲಿಖಿತ ಒಪ್ಪಿಗೆ ಪಡೆಯಬೇಕು, ವಿಭಾಗದ ಅಧ್ಯಾಪಕರೊಬ್ಬರ ಮಾರ್ಗದರ್ಶನವಿರಬೇಕು, ಪ್ರಕಟಿಸುವ ಉದ್ದೇಶವಿದ್ದರೆ ನೈತಿಕ ಸಮಿತಿಯ ಅನುಮತಿಯೂ ಬೇಕು. ಇಪ್ಪತ್ತು ಗೆಳೆಯರಿಂದ ಪಡೆದ ಅಂಕಿಗಳನ್ನು ಆರ್ ಅಥವಾ ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ನೀವೇ ವಿಶ್ಲೇಷಿಸಿ ಒಂದು ಗ್ರಾಫ್ ಬರೆಯುವ ಹೊತ್ತಿಗೆ ಪಠ್ಯಪುಸ್ತಕದ ಒಂದು ಅಧ್ಯಾಯಕ್ಕಿಂತ ಹೆಚ್ಚು ಕಲಿತಿರುತ್ತೀರಿ. ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವರಿಗೆ ಇಲ್ಲೊಂದು ಅನುಕೂಲವಿದೆ: ಅವರು ಶಪಿಸುತ್ತ ಕಲಿತ ಸಿಗ್ನಲ್ ಪ್ರಾಸೆಸಿಂಗ್ ಇಇಜಿ ಪ್ರಯೋಗಾಲಯದಲ್ಲಿ ದಿನವೂ ಬೇಕಾಗುತ್ತದೆ.

ಸಂಖ್ಯಾಶಾಸ್ತ್ರವನ್ನು ಮಾತ್ರ ತಪ್ಪಿಸಿಕೊಳ್ಳಲು ನೋಡಬೇಡಿ. 2009ರಲ್ಲಿ ಕ್ರೇಗ್ ಬೆನೆಟ್ ಮತ್ತು ಸಂಗಡಿಗರು ಸತ್ತ ಸಾಲ್ಮನ್ ಮೀನನ್ನು ಎಫ್‌ಎಂಆರ್‌ಐ ಯಂತ್ರದೊಳಗಿಟ್ಟು, ಅದಕ್ಕೆ ಮನುಷ್ಯರ ಚಿತ್ರಗಳನ್ನು ತೋರಿಸಿದರು; ಮೆದುಳಿನ ಚಿತ್ರದ ಸಾವಿರಾರು ಬಿಂದುಗಳನ್ನು ಒಟ್ಟಿಗೆ ಪರೀಕ್ಷಿಸುವಾಗ ಮಾಡಬೇಕಾದ ತಿದ್ದುಪಡಿಯನ್ನು ಬಿಟ್ಟರೆ ಆ ಮೀನಿನ ಮೆದುಳಿನಲ್ಲೂ ‘ಚಟುವಟಿಕೆ’ ಕಾಣಿಸಿತು. ಲೆಕ್ಕ ಸರಳ: ಒಂದು ಲಕ್ಷ ಬಿಂದುಗಳನ್ನು ಸಾವಿರಕ್ಕೊಂದು ಸಲ ಆಕಸ್ಮಿಕವಾಗಿ ತಪ್ಪಬಹುದೆಂಬ ಮಿತಿಯಲ್ಲಿ ಪರೀಕ್ಷಿಸಿದರೆ ಏನೂ ಇಲ್ಲದ ಕಡೆಯೂ ಸುಮಾರು ನೂರು ಬಿಂದುಗಳು ಬೆಳಗುತ್ತವೆ. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮರುಪ್ರಯೋಗ ಮಾಡಿ ನೋಡಿದಾಗ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚಿನವುಗಳಲ್ಲಷ್ಟೇ ಸಂಖ್ಯಾಶಾಸ್ತ್ರೀಯವಾಗಿ ಗಣನೀಯವಾದ ಫಲಿತಾಂಶ ಮತ್ತೆ ದೊರೆಯಿತು. ಆದ್ದರಿಂದ ಯಾವುದೇ ಪ್ರಬಂಧವನ್ನು ಓದುವಾಗ ಕೊನೆಯ ತೀರ್ಮಾನಕ್ಕೆ ಹಾರದೆ, ಎಷ್ಟು ಜನರ ಮೇಲೆ, ಹೇಗೆ ಮಾಡಿದರು ಎಂಬ ಭಾಗವನ್ನು ಮೊದಲು ಓದಿ.

ಪ್ರಾಧ್ಯಾಪಕರಿಗೆ ಬರೆಯುವುದು

ನಾನು ವಿದ್ಯಾರ್ಥಿಯಾಗಿದ್ದಾಗ ಒಂದೇ ಇಮೇಲನ್ನು ಹೆಸರು ಬದಲಿಸಿ ಮೂವತ್ತು ಜನರಿಗೆ ಕಳುಹಿಸಿದ್ದೆ; ಒಂದು ಕಡೆ ಹೆಸರು ಬದಲಿಸುವುದನ್ನೂ ಮರೆತಿದ್ದೆ. ಬಂದ ಉತ್ತರ ಒಂದೇ, ಅದು ಆ ಹೆಸರಿನ ಬಗ್ಗೆಯೇ. ಮೂರು ಜನರಿಗೆ ಬರೆಯಿರಿ, ಪ್ರತಿಯೊಬ್ಬರ ಇತ್ತೀಚಿನ ಒಂದು ಪ್ರಬಂಧವನ್ನಾದರೂ ಪೂರ್ತಿ ಓದಿ ಬರೆಯಿರಿ. ಹತ್ತು ಹನ್ನೆರಡು ಸಾಲು ಸಾಕು: ನೀವು ಯಾರು, ಅವರ ಕೆಲಸದಲ್ಲಿ ನಿಮಗೆ ಎದ್ದ ಪ್ರಶ್ನೆ ಏನು, ನೀವು ಮಾಡಿರುವ ಪ್ರಯೋಗ ಯಾವುದು, ಅವರ ಪ್ರಯೋಗಾಲಯದಲ್ಲಿ ಯಾವ ತಿಂಗಳು ಕೆಲಸ ಮಾಡಲು ಬಯಸುತ್ತೀರಿ. ‘ಬಾಲ್ಯದಿಂದಲೂ ಮೆದುಳೆಂದರೆ ನನಗೆ ಅಚ್ಚರಿ’ ಎಂಬ ಸಾಲು ಬೇಡ. ಎಲ್ಲರಿಗೂ ‘ರೆಸ್ಪೆಕ್ಟೆಡ್ ಸರ್’ ಎಂದು ಶುರು ಮಾಡುವ ನಮ್ಮ ರೂಢಿಯಿಂದಾಗಿ ಮಹಿಳಾ ಪ್ರಾಧ್ಯಾಪಕರಿಗೂ ಹಾಗೇ ಬರೆದುಬಿಡುವ ವಿದ್ಯಾರ್ಥಿಗಳಿದ್ದಾರೆ, ‘ಡಾ.’ ಎಂದು ಹಾಕಿ ಹೆಸರು ಬರೆದರೆ ಮರ್ಯಾದೆಗೆ ಕುಂದಿಲ್ಲ. ಎರಡು ವಾರದಲ್ಲಿ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಆಮೇಲೆ ಬಿಟ್ಟುಬಿಡಿ. ಬೇಸಿಗೆಯ ಸಂಶೋಧನಾ ತರಬೇತಿಗೆ ವಿಜ್ಞಾನ ಅಕಾಡೆಮಿಗಳ ಫೆಲೋಶಿಪ್ ಇದೆ, ಅದರ ಅರ್ಜಿ ಸಾಮಾನ್ಯವಾಗಿ ಹಿಂದಿನ ನವೆಂಬರ್ ಹೊತ್ತಿಗೇ ಮುಗಿದುಹೋಗುತ್ತದೆ. ಅಮೆರಿಕದ ಪಿಎಚ್‌.ಡಿ. ಅರ್ಜಿಗಳೂ ಡಿಸೆಂಬರ್ ಆಸುಪಾಸಿನಲ್ಲಿ ಮುಚ್ಚುವುದರಿಂದ, ಶಿಫಾರಸು ಪತ್ರ ಬರೆಯುವ ಮೂವರು ಅಧ್ಯಾಪಕರನ್ನು ದಸರಾ ರಜೆಗೆ ಮುಂಚೆಯೇ ಕೇಳಿಕೊಳ್ಳಿ.

ಸಂದರ್ಶನಕ್ಕೆ ಕರೆ ಬಂದರೆ ನಿಮ್ಮ ಪ್ರಯೋಗದ ಗ್ರಾಫನ್ನೂ, ಅದರ ತಪ್ಪುಗಳನ್ನು ಬರೆದಿಟ್ಟ ನೋಟ್‌ಬುಕ್ಕನ್ನೂ ಜೊತೆಗೆ ಒಯ್ಯಿರಿ. ಅಲ್ಲಿ ಕೂತವರು ನಿಮ್ಮ ಅಂಕಪಟ್ಟಿಯನ್ನು ಆಗಲೇ ನೋಡಿರುತ್ತಾರೆ. ‘ಈ ಫಲಿತಾಂಶಕ್ಕೆ ಬೇರೆ ಕಾರಣ ಇರಬಹುದೇ’ ಎಂಬುದು ಅವರು ಖಂಡಿತ ಕೇಳುವ ಪ್ರಶ್ನೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ, ತಿಳಿಯಲು ಯಾವ ಪ್ರಯೋಗ ಮಾಡುತ್ತೀರೆಂದು ಹೇಳಿ. ಸ್ಥಳ ಬೆಂಗಳೂರಾಗಿದ್ದು ಸಮಯ ಬೆಳಿಗ್ಗೆ ಒಂಬತ್ತು ಎಂದಿದ್ದರೆ ಮೈಸೂರಿನ ಮೊದಲ ರೈಲನ್ನು ನಂಬಿ ಕೂರಬೇಡಿ, ಹಿಂದಿನ ಸಂಜೆಯೇ ಹೋಗಿ ಪರಿಚಯದವರ ಮನೆಯಲ್ಲಿ ತಂಗಿ.