ಬೇಸಿಗೆ ರಜೆಯಲ್ಲಿ ಮಕ್ಕಳ ತಲೆಗೆ ಏಟಾಗದ ಹಾಗೆ ನೋಡ್ಕೊಳ್ಳೋದು ಹೇಗೆ

ರಜೆ ಶುರುವಾದ್ರೆ ಮಕ್ಕಳು ಬೆಳಗ್ಗೆಯಿಂದ ಸಂಜೆ ತನಕ ಹೊರಗಡೆನೇ. ಆಡ್ಲಿ, ಆಡಲೇಬೇಕು, ಬೀಳೋದೂ ಇದ್ದಿದ್ದೇ. ಮಂಡಿ ತರಚಿದ್ರೆ ವಾರದಲ್ಲಿ ಒಣಗತ್ತೆ, ತಲೆ ಹಾಗಲ್ಲ. ಚಿಕ್ಕ ಮಕ್ಕಳಿಗೆ ಮೈಗೆ ಹೋಲಿಸಿದ್ರೆ ತಲೆ ದೊಡ್ಡದು, ಭಾರ, ಕತ್ತಲ್ಲಿ ಬಲ ಕಮ್ಮಿ, ಹಾಗಾಗಿ ಬಿದ್ರೆ ತಲೆಗೇ ಪೆಟ್ಟಾಗೋದು ಜಾಸ್ತಿ. ಅದಕ್ಕೇ ನಾನು ಹೇಳೋದು, ಮಗು ಏನು ಆಡ್ತಿದೆ ಅನ್ನೋದಕ್ಕಿಂತ ಮುಂಚೆ ಬಿದ್ರೆ ಎಲ್ಲಿ ಬೀಳತ್ತೆ ಅಂತ ನೋಡಿ.

ಪಾರ್ಕಿಗೆ ಹೋದ ತಕ್ಷಣ ಜಾರುಬಂಡೆ, ಉಯ್ಯಾಲೆ ಕೆಳಗಿನ ನೆಲನ ಕಾಲಲ್ಲಿ ಕೆದಕಿ ನೋಡಿ. ಸಿಮೆಂಟು, ಗಟ್ಟಿ ಮಣ್ಣು ಆದ್ರೆ ಬೇಡವೇ ಬೇಡ. ಹುಲ್ಲಿದೆ ಅಂತ ಧೈರ್ಯ ಮಾಡ್ಬೇಡಿ, ತುಳಿದೂ ತುಳಿದೂ ಅದರ ಅಡಿ ನೆಲ ಕಲ್ಲಾಗಿರತ್ತೆ. ಸಡಿಲ ಮರಳು ಇಲ್ಲಾ ಮರದ ಚಕ್ಕೆ ಸುಮಾರು 30 ಸೆಂಟಿಮೀಟರ್ ದಪ್ಪ ಇರಬೇಕು, ಸುತ್ತ 6 ಅಡಿ ತನಕ ಹರಡಿರಬೇಕು, ಉಯ್ಯಾಲೆಗೆ ಮುಂದೆ ಹಿಂದೆ ಇನ್ನೂ ಜಾಸ್ತಿ. ಉಯ್ಯಾಲೆ ಕೆಳಗೆ ಮಕ್ಕಳ ಕಾಲು ಉಜ್ಜಿ ಉಜ್ಜಿ ಮರಳು ಪಕ್ಕಕ್ಕೆ ಸರಿದು ಗುಂಡಿ ಬಿದ್ದಿರತ್ತೆ, ಅದನ್ನ ಎಳೆದು ತುಂಬಿಸಿ ಆಮೇಲೆ ಕೂರಿಸಿ.

ಸೈಕಲ್, ಕಾಲಲ್ಲಿ ತಳ್ಳೋ ಸ್ಕೂಟರ್, ಸ್ಕೇಟಿಂಗ್‌ಗೆ ಹೆಲ್ಮೆಟ್ ಬೇಕೇ ಬೇಕು, ಗೇಟಿನ ಒಳಗೇ ಓಡಿಸಿದ್ರೂ ಸರಿ. ತುಂಬಾ ಮಕ್ಕಳು ಹೆಲ್ಮೆಟ್‌ನ ಹಿಂದಕ್ಕೆ ತಳ್ಳಿ ಹಣೆ ಪೂರ್ತಿ ಬಿಟ್ಟುಕೊಂಡಿರ್ತಾರೆ, ಅದು ಹಾಕ್ಕೊಂಡೂ ಒಂದೇ ಬಿಟ್ಟೂ ಒಂದೇ. ಹುಬ್ಬಿನ ಮೇಲೆ ಎರಡು ಬೆರಳಷ್ಟೇ ಜಾಗ ಇರಬೇಕು, ಪಟ್ಟಿಗಳು ಕಿವಿ ಕೆಳಗೆ ಸೇರಬೇಕು, ಗದ್ದದ ಪಟ್ಟಿ ಒಳಗೆ ಒಂದೆರಡು ಬೆರಳು ಹೋಗಬೇಕು ಅಷ್ಟೇ, ತಲೆ ಅಲ್ಲಾಡಿಸಿದ್ರೆ ಹೆಲ್ಮೆಟ್ ಜಾರಬಾರದು. ಬೆಳೆಯೋ ಮಗು ಅಂತ ದೊಡ್ಡ ಸೈಜ್ ತರಬೇಡಿ ದಯವಿಟ್ಟು. ಒಳಗಿರೋ ಥರ್ಮಾಕೋಲ್ ಥರದ ಪದರ ತಾನು ನಜ್ಜಿ ಏಟಿನ ರಭಸ ಹೀರ್ಕೊಳ್ಳತ್ತೆ, ಒಂದು ಸಲ ನಜ್ಜಿದ್ರೆ ಮತ್ತೆ ಮೊದಲಿನ ಹಾಗಾಗಲ್ಲ, ಹೊರಗಡೆ ಬಿರುಕು ಕಾಣದೇ ಇದ್ರೂ ಜೋರಾಗಿ ಬಿದ್ದ ಹೆಲ್ಮೆಟ್ ಬಿಸಾಕಿ. ಇನ್ನೊಂದು ವಿಷಯ, ಜಾರುಬಂಡೆ, ಮರ ಹತ್ತುವಾಗ ಹೆಲ್ಮೆಟ್ ಬಿಚ್ಚಿಸಲೇಬೇಕು, ಅದು ಸಂದಿಯಲ್ಲಿ ಸಿಕ್ಕಿಕೊಂಡ್ರೆ ಪಟ್ಟಿ ಕತ್ತು ಬಿಗಿಯತ್ತೆ.

ಟ್ರ್ಯಾಂಪೊಲಿನ್, ಅಂದ್ರೆ ಮೇಲೆ ನಿಂತು ಪುಟಿದು ಹಾರೋ ಸ್ಪ್ರಿಂಗ್ ಹಾಸು, ನನಗಂತೂ ಇಷ್ಟವಿಲ್ಲ. ಬಿಡಲೇಬೇಕು ಅಂದ್ರೆ ಒಬ್ಬೊಬ್ಬರನ್ನೇ ಬಿಡಿ, ಪಲ್ಟಿ ಬೇಡ. ಇಬ್ಬರು ಒಟ್ಟಿಗೆ ಹಾರಿದಾಗ ಚಿಕ್ಕದೇ ಚಿಮ್ಮಿ ಬೀಳೋದು.

ಈಜುಕೊಳದಲ್ಲಿ ಆಳ ಗೊತ್ತಿಲ್ಲದೆ ತಲೆ ಕೆಳಗಾಗಿ ಹಾರಬಾರದು, ತಲೆ ಜೊತೆ ಕತ್ತಿನ ಮೂಳೆಗೂ ಅಪಾಯ. 9 ಅಡಿಗಿಂತ ಕಮ್ಮಿ ಇದ್ರೆ ಕಾಲು ಮುಂದಾಗಿಯೇ ಇಳಿಯಲಿ. ಒದ್ದೆ ಅಂಚಿನ ಮೇಲೆ ಓಡೋದು ಬೇಡ. ಬ್ಯಾಟ್ ಬೀಸೋ ಆಟದಲ್ಲಿ ಚಿಕ್ಕವರು ಬ್ಯಾಟ್ ಹಿಡಿದವರ ಹಿಂದೆಮುಂದೆ ಸುಳಿಯದ ಹಾಗೆ ದೂರ ನಿಲ್ಲಿಸಿ.

ಸೆಕೆ ಅಂತ ಕಿಟಕಿ ತೆಗೆದಿಡ್ತೀವಲ್ಲ, ಸೊಳ್ಳೆ ಜಾಲರಿ ಮಗುವಿನ ಭಾರ ತಡೆಯಲ್ಲ. ಮಹಡಿ ಮನೆ ಆದ್ರೆ ಗ್ರಿಲ್ ಇರಲಿ, ಇಲ್ಲಾಂದ್ರೆ 10 ಸೆಂಟಿಮೀಟರ್‌ಗಿಂತ ಹೆಚ್ಚು ತೆಗೀಬೇಡಿ, ಮಂಚ ಕುರ್ಚಿ ಕಿಟಕಿ ಬುಡದಿಂದ ದೂರ ಸರಿಸಿ.

ಇಷ್ಟೆಲ್ಲಾ ಮಾಡಿಯೂ ಏಟಾದ್ರೆ ಆಟ ಅಲ್ಲಿಗೇ ನಿಲ್ಲಿಸಿ. ಎಚ್ಚರ ತಪ್ಪಲಿಲ್ಲ, ಏನೂ ಆಗಿಲ್ಲ ಅಂದ್ಕೊಳ್ಳೋದು ದೊಡ್ಡ ತಪ್ಪು, ಮೆದುಳು ಅಲುಗಿದಾಗ ಹೆಚ್ಚಿನವರಿಗೆ ಎಚ್ಚರ ತಪ್ಪೋದೇ ಇಲ್ಲ, ಲಕ್ಷಣಗಳು ಗಂಟೆಗಟ್ಟಲೆ, ಕೆಲವೊಮ್ಮೆ ದಿನ ಕಳೆದ ಮೇಲೂ ಬರಬಹುದು. ಮತ್ತೆ ಮತ್ತೆ ವಾಂತಿ, ಹೆಚ್ಚಾಗ್ತಾ ಹೋಗೋ ತಲೆನೋವು, ಎಬ್ಬಿಸಿದ್ರೂ ಏಳದ ಮಂಪರು, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದು, ಮಾತು ತೊದಲೋದು, ಫಿಟ್ಸ್, ಕಿವಿ ಮೂಗಿಂದ ನೀರು ಅಥವಾ ರಕ್ತ, ಕೂಸಾದ್ರೆ ಹಾಲು ಕುಡಿಯದೆ ಅಳು ನಿಲ್ಲಿಸದೆ ಇರೋದು, ಇದರಲ್ಲಿ ಒಂದು ಕಂಡ್ರೂ ಕಾಯಬೇಡಿ, ಸೀದಾ ಆಸ್ಪತ್ರೆಗೆ ಹೊರಡಿ. ಎತ್ತರದಿಂದ ಬಿದ್ದು ಕತ್ತು ನೋವು ಅಂದ್ರೆ ಅಲ್ಲಾಡಿಸದೆ ಆಂಬ್ಯುಲೆನ್ಸ್ ಕರೆಸಿ.

ಬರೀ ಬುಗುಟು ಬಂದಿದ್ರೆ ಬಟ್ಟೆಯಲ್ಲಿ ಐಸ್ ಸುತ್ತಿ ಒತ್ತಿ, ಮೊದಲ ದಿನ ಪೂರ್ತಿ ಕಣ್ಣಿಟ್ಟಿರಿ. ಮೆದುಳಿಗೆ ಪೆಟ್ಟಾಗಿದೆ ಅಂತ ಡಾಕ್ಟರ್ ಹೇಳಿದ್ರೆ ಅವರು ಹೂಂ ಅನ್ನೋ ತನಕ ಸೈಕಲ್ಲೂ ಇಲ್ಲ, ಓಡಾಟದ ಆಟವೂ ಇಲ್ಲ. ಮಗುನ ಸಮ್ಮರ್ ಕ್ಯಾಂಪಿಗೋ ಅಜ್ಜಿ ಮನೆಗೋ ಕಳಿಸ್ತಿದ್ರೆ, ಬಿದ್ದಿದ್ದು ಯಾವಾಗ, ಏನೇನು ಗಮನಿಸಬೇಕು ಅಂತ ಅಲ್ಲಿರೋರಿಗೂ ಹೇಳಿ ಕಳಿಸಿ.