ಬೋಲ್ಡರ್‌ಗೆ ಓದಲು ಬರುವ ಜೋಡಿಗಳೇ, ಕರಡಿ ಮತ್ತು ಮೂಸ್ ವಿಷಯ ಗೊತ್ತಿರಲಿ

ಅಮೆರಿಕದ ಕೊಲೊರಾಡೋಗೆ ಓದಲು ಹೊರಟಿರುವ ಗಂಡ-ಹೆಂಡತಿಯರು ಬಾಡಿಗೆ ಮನೆ, ಬಸ್ಸಿನ ಬಗ್ಗೆ ಕೇಳುತ್ತೀರಿ. ಕಾಡುಪ್ರಾಣಿಗಳ ಬಗ್ಗೆಯೂ ಕೇಳಿ. ನಾವಿಬ್ಬರೂ ಬೋಲ್ಡರ್‌ನಲ್ಲಿ ಓದುತ್ತಿದ್ದೇವೆ, ಇಲ್ಲಿ ಬೆಟ್ಟ ಊರಿಗೆ ಅಂಟಿಕೊಂಡೇ ಇದೆ.

ಕಪ್ಪು ಕರಡಿ ಬೀದಿಗೇ ಬರುತ್ತದೆ. ಚಳಿಗಾಲದ ನಿದ್ದೆಗೆ ಮೊದಲು ಅದಕ್ಕೆ ದಿನಕ್ಕೆ 20,000 ಕ್ಯಾಲೊರಿವರೆಗೆ ಬೇಕು. ಆಗಸ್ಟ್ ಕೊನೆಗೆ ಕಾಲೇಜು ಶುರುವಾಗುವ ಹೊತ್ತಿಗೇ ಅದರ ಹಸಿವೂ ಜಾಸ್ತಿ! ಕಸವನ್ನು ರಾತ್ರಿಯೇ ಹೊರಗಿಡಬೇಡಿ, ಗಾಡಿ ಬರುವ ದಿನ ಬೆಳಿಗ್ಗೆ ಇಡಿ. ಕಾರಿನಲ್ಲಿ ಚಿಪ್ಸ್ ಪೊಟ್ಟಣವೂ ಬೇಡ, ಲಾಕ್ ಮಾಡಿ. ಕರಡಿಗೆ ಕಾರಿನ ಬಾಗಿಲು ತೆಗೆಯಲು ಬರುತ್ತದೆ, ನಿಜವಾಗಿಯೂ. ಮನುಷ್ಯರ ಊಟದ ರುಚಿ ಹತ್ತಿದ ಕರಡಿಯನ್ನು ಕೊನೆಗೆ ಕೊಲ್ಲಬೇಕಾಗಿ ಬರಬಹುದು. ನಮಗೆ ಜಾಸ್ತಿ ಬೇಜಾರಾಗುವುದು ಅದಕ್ಕೇ.

ಕರಡಿ ಎದುರಾದರೆ ಓಡಬೇಡಿ. ಮೆಲ್ಲಗೆ ಮಾತಾಡುತ್ತಾ ಹಿಂದೆ ಸರಿಯಿರಿ. ಬೆಟ್ಟದ ಸಿಂಹ, ಅಂದರೆ ಪ್ಯೂಮಾ ಕಂಡರೂ ಓಡಬಾರದು, ಬಗ್ಗಬಾರದು. ಕೈ ಎತ್ತಿ ದೊಡ್ಡದಾಗಿ ಕಾಣಿಸಿಕೊಳ್ಳಿ, ಜೋರಾಗಿ ಕೂಗಿ. ಇಬ್ಬರಿದ್ದರೆ ಒತ್ತೊತ್ತಾಗಿ ನಿಲ್ಲಿ.

ಮೂಸ್, ಅಂದರೆ ಜಿಂಕೆ ಜಾತಿಯ ಭಾರೀ ಪ್ರಾಣಿ, ಮಾತ್ರ ಬೇರೆ. ಸಾಧು ಪ್ರಾಣಿಯಂತೆ ಕಾಣುತ್ತದೆ, ಆದರೆ ಮರಿ ಜೊತೆಗಿದ್ದರೆ ನುಗ್ಗುತ್ತದೆ. ಆಗ ಓಡಿ, ದಪ್ಪ ಮರದ ಹಿಂದೆ ಸೇರಿಕೊಳ್ಳಿ. ರಾಕಿ ಮೌಂಟನ್ ರಾಷ್ಟ್ರೀಯ ಉದ್ಯಾನದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಯಿಂದ 75 ಅಡಿ, ಮೂಸ್ ಮತ್ತು ಕರಡಿಯಿಂದ 120 ಅಡಿ ದೂರ ಇರಬೇಕು. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಗಂಡು ಎಲ್ಕ್ ಬೆದೆಯಲ್ಲಿರುತ್ತದೆ. ಸೆಲ್ಫಿಗೆಂದು ಹತ್ತಿರ ಹೋಗಲೇಬೇಡಿ.

ಕರಡಿ ಸ್ಪ್ರೇಯನ್ನು (ಕರಡಿ ಮೇಲೆ ಬಂದರೆ ಹೊಡೆಯುವ ಖಾರದ ಸ್ಪ್ರೇ) ಇಲ್ಲೇ ಕೊಳ್ಳಿ, ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ.