ತುಟಿ ಮೇಲಿನ ಬಿಳಿ ಚುಕ್ಕೆ: ನಾನು ತೆಗೆಯುವ ರೀತಿ

ತುಟಿಯ ಅಂಚಿನಲ್ಲಿ ರವೆ ಕಾಳಿನಷ್ಟು ಬಿಳಿ-ಹಳದಿ ಚುಕ್ಕೆಗಳು. ನೋವಿಲ್ಲ, ತುರಿಕೆ ಇಲ್ಲ. ಆದರೂ ಇದಕ್ಕಾಗಿಯೇ ನವಲಗುಂದ, ಕುಂದಗೋಳದಿಂದ ಬಸ್ಸು ಹತ್ತಿ ಹುಬ್ಬಳ್ಳಿಯ ನನ್ನ ಕ್ಲಿನಿಕ್‌ಗೆ ಬರುವವರಿದ್ದಾರೆ. ಹುಡುಗರೇ ಜಾಸ್ತಿ. ಜೊತೆಗೆ ಬಂದ ಗೆಳೆಯನನ್ನು ಹೊರಗೆ ಕೂರಿಸಿ, ಬಾಗಿಲು ಹಾಕಿ, ದನಿ ತಗ್ಗಿಸಿ ಕೇಳುತ್ತಾರೆ: "ಡಾಕ್ಟ್ರ, ಇದು ಆ ತರದ ರೋಗ ಅಲ್ಲಲ್ರೀ?" ಮೊಬೈಲ್‌ನಲ್ಲಿ ಏನೇನೋ ಓದಿ ಹೆದರಿರುತ್ತಾರೆ.

ಅಲ್ಲವೇ ಅಲ್ಲ. ಇವು ಫೋರ್ಡೈಸ್ ಚುಕ್ಕೆಗಳು. 1896ರಲ್ಲಿ ಅಮೆರಿಕದ ಚರ್ಮವೈದ್ಯ ಜಾನ್ ಅಡಿಸನ್ ಫೋರ್ಡೈಸ್ ಇವುಗಳ ಬಗ್ಗೆ ಬರೆದರು, ಹೆಸರು ಉಳಿಯಿತು. ಮೈಯ ಎಣ್ಣೆ ಗ್ರಂಥಿಗಳು ಸಾಮಾನ್ಯವಾಗಿ ಕೂದಲ ಬುಡದಲ್ಲಿ ಇರುತ್ತವೆ. ತುಟಿಯಲ್ಲಿ ಕೂದಲೇ ಇಲ್ಲ, ಆದರೂ ಕೆಲವು ಗ್ರಂಥಿ ಅಲ್ಲೂ ಇರುತ್ತವೆ. ಹರೆಯದಲ್ಲಿ ಹಾರ್ಮೋನು ಏರಿದಾಗ ದಪ್ಪಗಾಗಿ ಕಾಣಿಸುತ್ತವೆ. ದೊಡ್ಡವರಲ್ಲಿ ಹತ್ತಕ್ಕೆ ಏಳೆಂಟು ಮಂದಿಗೆ ತುಟಿಯಲ್ಲೋ ಕೆನ್ನೆಯ ಒಳಗೋ ಇದ್ದೇ ಇರುತ್ತವೆ. ಅಂಟುವುದಿಲ್ಲ, ಕ್ಯಾನ್ಸರ್ ಆಗುವುದಿಲ್ಲ.

ಮೊದಲು ಬೆರಳಿನಿಂದ ತುಟಿ ಎಳೆದು ನೋಡುತ್ತೇನೆ. ಫೋರ್ಡೈಸ್ ಆದರೆ ಎಳೆದಾಗ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಹರ್ಪಿಸ್ ಅನ್ನುವ ವೈರಸ್ ಸೋಂಕು ಆದರೆ ಉರಿ, ನೀರು ತುಂಬಿದ ಗುಳ್ಳೆ, ಆಮೇಲೆ ಹಕ್ಕಳೆ. ಬಾಯೊಳಗಿನ ಫಂಗಸ್ ಆದರೆ ಸಾಮಾನ್ಯವಾಗಿ ಗಾಜ್ ಬಟ್ಟೆಯಲ್ಲಿ ಒರೆಸಿದರೆ ಎದ್ದು ಬರುತ್ತದೆ. ಒರೆಸಿದರೂ ಹೋಗದ ಬಿಳಿ ಮಚ್ಚೆ, ಅದೂ ಗುಟ್ಕಾ-ತಂಬಾಕು ಜಗಿಯುವವರಲ್ಲಿ ಕಂಡರೆ, ಅಂದದ ಮಾತು ಅಲ್ಲಿಗೆ ನಿಂತಿತು. ಕ್ಯಾನ್ಸರ್ ಅನುಮಾನಕ್ಕೆ ಬಯಾಪ್ಸಿಗೆ, ಅಂದರೆ ಸಣ್ಣ ತುಣುಕು ತೆಗೆದು ಪರೀಕ್ಷೆ ಮಾಡಿಸಲು, ಕಳಿಸುತ್ತೇನೆ. ನಮ್ಮ ಕಡೆ ಬಾಯಿ ಪೂರ್ತಿ ತೆರೆಸಿ ನೋಡದೆ ಯಾರನ್ನೂ ಮನೆಗೆ ಕಳಿಸಬಾರದು.

"ಏನೂ ಅಲ್ಲ, ಬಿಟ್ಟುಬಿಡಪ್ಪ" ಅಂದರೆ ಅರ್ಧಕ್ಕರ್ಧ ಜನ ನಿರಾಳವಾಗಿ ಎದ್ದು ಹೋಗುತ್ತಾರೆ. ನನಗೆ ಅದೇ ಒಳ್ಳೆಯ ಚಿಕಿತ್ಸೆ ಅನಿಸುತ್ತದೆ. ಉಳಿದವರಿಗೆ ಕನ್ನಡಿ ನೋಡುವುದೇ ಕಷ್ಟವಾಗಿರುತ್ತದೆ. ಅವರಿಗೆ "ಸುಮ್ನೆ ತಲೆ ಕೆಡಿಸ್ಕೋಬ್ಯಾಡ" ಅಂತ ಹೇಳಿ ಪ್ರಯೋಜನವಿಲ್ಲ.

ತೆಗೆಯಲು ನಾನು ಬಳಸುವುದು ವಿದ್ಯುತ್ತಿನ ಶಾಖದಿಂದ ಸುಡುವ ರೇಡಿಯೋ ಫ್ರೀಕ್ವೆನ್ಸಿ ಮಷಿನ್, ತೀರಾ ಸಣ್ಣ ಸೂಜಿ ತುದಿ, ಕಡಿಮೆ ಪವರ್. ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದಲೂ ಇದೇ ಕೆಲಸ ಆಗುತ್ತದೆ. ಮೊದಲ ದಿನವೇ ಪೂರ್ತಿ ತುಟಿಗೆ ಕೈ ಹಾಕುವುದಿಲ್ಲ. ಬಾಯಿಯ ಮೂಲೆ ಹತ್ತಿರ ನಾಲ್ಕೈದು ಚುಕ್ಕೆ ಮಾತ್ರ. ನಮ್ಮ ಬಣ್ಣದ ಚರ್ಮಕ್ಕೆ ಸುಟ್ಟ ಜಾಗದಲ್ಲಿ ಕಪ್ಪು ಕಲೆ ಬೀಳುವ ಚಟ ಇದೆ. ಬಿಳಿ ಚುಕ್ಕೆ ಕಳೆದು ಕಪ್ಪು ಚುಕ್ಕೆ ಕೊಟ್ಟರೆ ಏನು ಬಂತು? ಕೆಲವು ವಾರ ಕಾದು, ಕಲೆ ಇಲ್ಲದಿದ್ದರೆ ಮುಂದಿನದು.

ಮರಗಟ್ಟಿಸುವ ಕ್ರೀಮ್ ಹಚ್ಚುವ ಮೊದಲೇ ಪೆನ್ನಿನಿಂದ ಚುಕ್ಕೆಗಳನ್ನು ಗುರುತು ಮಾಡಿಕೊಳ್ಳಬೇಕು. ಕ್ರೀಮ್‌ಗೆ ತುಟಿ ಬಿಳಿಚಿಕೊಳ್ಳುತ್ತದೆ, ಆಮೇಲೆ ಹುಡುಕಿದರೆ ಸಿಗುವುದಿಲ್ಲ. ಇಂಜೆಕ್ಷನ್ ಬೇಕಾದರೂ ತುಟಿಗೇ ಚುಚ್ಚುವುದಿಲ್ಲ, ಊದಿ ಎಲ್ಲ ಮುಚ್ಚಿಹೋಗುತ್ತದೆ. ಹಲ್ಲಿನ ಡಾಕ್ಟರ್ ಮಾಡುವ ಹಾಗೆ ವಸಡಿನ ಮೇಲ್ಭಾಗದಿಂದ ನರಕ್ಕೆ ಕೊಡುತ್ತೇನೆ, ಮೇಲ್ದುಟಿ ಪೂರ್ತಿ ಮರಗಟ್ಟುತ್ತದೆ. ಆಮೇಲೆ ಒಂದೊಂದು ಚುಕ್ಕೆಗೆ ಕ್ಷಣಮಾತ್ರ ಸೂಜಿ ತಾಗಿಸಿ ತೆಗೆಯುವುದು. ಆಳಕ್ಕೆ ಹೋದರೆ ಗಾಯದ ಗುರುತು ಉಳಿಯುತ್ತದೆ. ಮೇಲೆ ಮೇಲೆ ಮಾಡಿದರೆ ಗ್ರಂಥಿ ಉಳಿದು ಮತ್ತೆ ಕಾಣುತ್ತದೆ. ನಾನು ಮೇಲೆ ಮೇಲೆ ಮಾಡುವ ಪಂಗಡ. ತುಟಿಗೆ ಆಗಾಗ ಹರ್ಪಿಸ್ ಏಳುವವರಿಗೆ ಅದು ಏಳದಂತೆ ಮುಂಚೆಯೇ ಅಸೈಕ್ಲೋವಿರ್ ಔಷಧಿ ಶುರು ಮಾಡಿರುತ್ತೇನೆ.

ಒಂದು ವಾರ, ಹತ್ತು ದಿನ ಹಕ್ಕಳೆ ಇರುತ್ತದೆ. ವ್ಯಾಸಲೀನ್ ಹಚ್ಚಬೇಕು, ಕೀಳಬಾರದು, ಬಿಸಿಲಿಗೆ ತುಟಿ ಒಡ್ಡಬಾರದು. ಸಾವಜಿ ಊಟ, ಮಿರ್ಚಿ ಭಜಿ ಅಲ್ಲಿಯವರೆಗೆ ಬಂದ್. ಈ ಒಂದು ಮಾತಿಗೆ ಮಾತ್ರ ಎಲ್ಲರೂ ಮುಖ ಸಣ್ಣ ಮಾಡುತ್ತಾರೆ.

ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಗುಳಿಗೆ ಕೇಳುವವರೂ ಇದ್ದಾರೆ. ಎಣ್ಣೆ ಕಡಿಮೆ ಮಾಡುತ್ತದೆ ನಿಜ, ಆದರೆ ತುಟಿ ಒಡೆಯುತ್ತದೆ, ಬಿಟ್ಟ ಮೇಲೆ ಚುಕ್ಕೆ ಮರಳಬಹುದು. ಗರ್ಭಿಣಿಯರು ತೆಗೆದುಕೊಂಡರೆ ಮಗುವಿಗೆ ಗಂಭೀರ ಅಂಗದೋಷ ಬರಬಹುದು. ಬರೀ ಚುಕ್ಕೆಗಾಗಿ ನಾನು ಬರೆಯುವುದಿಲ್ಲ. ಸುಣ್ಣ, ಟೂತ್‌ಪೇಸ್ಟ್, ನಿಂಬೆರಸ ಹಚ್ಚಿ ತುಟಿ ಸುಟ್ಟುಕೊಂಡು ಬಂದವರಿಗೆ ಮೊದಲು ಸುಟ್ಟ ಗಾಯದ ಚಿಕಿತ್ಸೆ, ಚುಕ್ಕೆಯ ಮಾತು ಆಮೇಲೆ.

ಮದುವೆ ಸೀಸನ್‌ನಲ್ಲಿ ಮಗಳನ್ನು ಕರೆದುಕೊಂಡು ಬರುವ ತಾಯಂದಿರು, "ಮುಂದಿನ ವಾರ ಅಕ್ಕಿಕಾಳು ಐತ್ರೀ ಡಾಕ್ಟ್ರ, ಅಷ್ಟರಾಗ ತಗದು ಕೊಡ್ರಿ" ಅನ್ನುತ್ತಾರೆ. ಆಗ ಮಷಿನ್ ಮುಟ್ಟುವುದೇ ಇಲ್ಲ. ಹಕ್ಕಳೆ ಹಿಡಿದ ತುಟಿಯಲ್ಲಿ ಫೋಟೋಕ್ಕೆ ನಿಲ್ಲಬೇಕಾಗುತ್ತದೆ ಅಲ್ವಾ? ಹೊಳಪಿನ ಲಿಪ್‌ಸ್ಟಿಕ್ ಬೇಡ, ಚುಕ್ಕೆ ಎದ್ದು ಕಾಣುತ್ತದೆ. ಹೊಳಪಿಲ್ಲದ ಮ್ಯಾಟ್ ಹಚ್ಚಿಕೊಳ್ಳಲಿ, ಮದುವೆ ಮುಗಿದ ಮೇಲೂ ಬೇಕು ಅನಿಸಿದರೆ ಬರಲಿ ಅಂತ ಕಳಿಸುತ್ತೇನೆ.